ನಿಂತ ಕಾಲು

ಆಷಾಢ ಹತ್ತಿ ಹನ್ನೊಂದು ದಿನ.
ಜರಿ ಜೀನು ಗೋಣಿಚೀಲದಾಗ ಕಟ್ಟಿ ಅಟ್ಟಕ್ಕ ಹಾಕೀನಿ,
ಗೆಜ್ಜಿ ಡಬ್ಬಿಯೊಳಗ.
ಇವರು ಬಾಡಗಿ ಆಟೋ ಹಿಡದಾರ,
ಮದವಿ ಶುರು ಆಗೂ ತನಕ ಮನಿ ನಡೀಬೇಕಲ್ಲ.
ಸಿಂಗಾರಿ ಮಾತ್ರ ತಗಡಿನ ಶೆಡ್ಡಿನಾಗ
ನಿಂತಾಳ.
ಬರೇ ನಿಂತಾಳ.

ಮುಂಜಾನಿ ಲದ್ದಿ ಬಳಿಯಾಕ ಬಗ್ಗಿದವಳು ನೋಡಿದೆ:
ಹಿಂದಿನ ಎರಡೂ ಕಾಲು
ಮೊಣಕಾಲಿಂದ ಗೊರಸಿನ ತನಕ ಒಂದೇ ದಪ್ಪ.
ಸಂದು ಯಾವುದು, ನರ ಯಾವುದು ತಿಳೀವಲ್ದು,
ಜೋಳದ ಹಿಟ್ಟು ತುಂಬಿದ ಕಾಲುಚೀಲ ಇದ್ದಂಗ.

ಓಣಿಗೆ ಓಣೀನೇ ಡಾಕ್ಟರಾತು.
ಬರಿ ಹಾಕು ಅಂದ್ರು. ಕರೇ ದಾರ ಕಟ್ಟು ಅಂದ್ರು.
ಮೂಲಿಮನಿ ಫಕೀರಮ್ಮ, "ಯಾರ್ದೋ ಕಣ್ಣವ್ವ,
ಬಿಳೀ ಕುದ್ರಿ, ಎಷ್ಟು ಮಂದಿ ಹೊಟ್ಟಿ ಉರಕೊಂಡಾರೋ" ಅಂದ್ಲು.

ನಾಲಬಂದ ಲಾಡ್ಲೆಸಾಬ ಬಂದ. ಏನೂ ಅನಲಿಲ್ಲ.
ಕುಕ್ಕರಗಾಲಿಲೆ ಕುಂತು ಹೆಬ್ಬೆರಳು ಒತ್ತಿದ, ಎಣಿಸಿದ, ತಗದ.
ಕುಳಿ ಹಂಗೇ ಉಳೀತು.
ಮುಂಗೈ ಹಚ್ಚಿ ಬಿಸಿ ನೋಡಿದ: ತಣ್ಣಗದ.
ಕುಂಟೂದಿಲ್ಲ.
"ಒಂದೇ ಕಾಲು ಬಾತು, ಸುಡ್ತಿದ್ರ,
ಮುಟ್ಟಿದ್ರ ಎತ್ತಿ ಒದೀತಿದ್ರ,
ಆವಾಗ ನನ್ನ ಕರೀಬ್ಯಾಡ, ದನದ ದವಾಖಾನಿಗೆ ಓಡು.
ಇದು ರೋಗಲ್ಲ ಬೇಟಿ.
ಇದು ಆಷಾಢ."

ಆಮ್ಯಾಲ ಹುರಳಿ ಬುಟ್ಟಿ ನೋಡಿ, ನನ್ನ ಮಾರಿ ನೋಡಿದ.
ದಿನಾ ಮೂರು ಮದವಿ ಮಾಡೂ ಕುದ್ರಿಗೆ ಹಾಕೂ ಹುರಳಿ
ನಿಂತ ಕುದ್ರಿಗೂ ಅಷ್ಟೇ ಹಾಕ್ತಿದ್ದೆ,
ದುಡೀವಲ್ದು ಅಂತ ಹೊಟ್ಟಿ ಕಟ್ಟಬಾರದಲ್ಲ ಅಂತ.
ಆ ಪ್ರೀತಿ ಎಲ್ಲಾ ಕಾಲಿಗೆ ಇಳದಿತ್ತು.

ಹುರಳಿ ಅರ್ಧಕ್ಕರ್ಧ ಕಡಿಮಿ, ಒಣಾ ಹುಲ್ಲು ಇರಲಿ.
ಹೊತ್ತಿಗೆ ಎರಡು ಕೊಡ ತಣ್ಣೀರು ಕಾಲಿಗೆ.
ರಾತ್ರಿ ಹತ್ತಿ ಇಟ್ಟು ಪಟ್ಟಿ.
ಅರಿವಿ ಎಲ್ಲಿಂದ ತರಲಿ?
ಗಂಗಾವತಿ ವರ ಮರತು ಬಿಟ್ಟುಹೋದ ಗುಲಾಬಿ ರುಮಾಲು
ಟ್ರಂಕಿನಾಗಿತ್ತು, ಒಂಬತ್ತು ಮೊಳ.
ಉದ್ದಕ ಹರದಿಟ್ಟೆ.
ಆ ಸಪ್ಪಳಕ್ಕ ಸಿಂಗಾರಿ ಕಿವಿ ನಿಮಿರಿದ್ವು.

"ಆದ್ರ ಖರೇ ಔಷಧ ಅಂದ್ರ ನಡಿಯೂದು" ಅಂದಿದ್ದ ಮುದುಕ.
ಇವರು ಬರೂದು ನಡುರಾತ್ರಿಗೆ.
ಸೆರಗು ಬಿಗದು ನಾನೇ ಹಗ್ಗ ಹಿಡದೆ.

ಮೊದಲ ನೂರು ಹೆಜ್ಜಿ ಕಟಿಗಿ.
ತೀನ್ ಕಂದೀಲ್ ದಾಟೂದ್ರಾಗ
ಗೊರಸು ಮಾತಾಡಾಕ ಹತ್ತಿದ್ವು.
ಸ್ಟೇಶನ್ ರೋಡಿನ ಒಂದೊಂದು ಕಲ್ಯಾಣ ಮಂಟಪಕ್ಕೂ
ತಾನಾಗಿ ನಿಂತಳು,
ಬೀಗ ಹಾಕಿದ ಗೇಟಿಗೆ ಎದಿ ಕೊಟ್ಟು,
ಬೆನ್ನ ಮ್ಯಾಗಿನವನ್ನ ಯಾರಾರ ಇಳಿಸಿಕೊಳ್ಳಲಿ ಅಂತ.
ಯಾರೂ ಇಲ್ಲವ್ವ ಮ್ಯಾಲ. ನಡಿ.

ನಾಕಾಬಂದಿ ಪೇದೆ ಅಯ್ಯಾಳಪ್ಪ ಲಾಠಿ ಅಡ್ಡ ಹಿಡದ:
"ಇಷ್ಟೊತ್ತಿನಾಗ ಯಾರ ಮದವಿ?"
"ಯಾರ್ದೂ ಅಲ್ರಿ. ಕಾಲಿಂದು."
ಟಾರ್ಚ್ ಕೆಳಗ ಬಿಟ್ಟ. ನೋಡಿದ. ಸುಮ್ಮನಾದ.
ಕಟ್ಟಿ ಮ್ಯಾಲ ಕುಂತು ತನ್ನ ಬೂಟು ಬಿಚ್ಚಿ,
ಕಾಲುಚೀಲ ಇಳಿಸಿ ತೋರಿಸಿದ.
ಎಲಾಸ್ಟಿಕ್ಕಿನ ಗೆರಿ,
ಬಾವಿ ದಂಡಿಗೆ ಹಗ್ಗ ತಿಂದ ಗೆರಿ ಹಂಗ ಆಳ.
"ಹನ್ನೆರಡು ತಾಸು ನಿಂತೇ ಇರ್ತೀನಿ ತಂಗಿ."

"ಎರಡೂ ಕಾಲಾ?" ಅಂದೆ. "ಹೂಂ."
"ಸುಡತಾವೇನು?" "ಇಲ್ಲ."
"ಹಂಗಾರ ಹುರಳಿ ಕಡಿಮಿ ಮಾಡ್ರಿ. ಮೂಲಿ ತನಕ ನಡೀರಿ."
ನಕ್ಕ.
ಬಂದ.

ಮುಂದ ಸಿಂಗಾರಿ, ಬಾಜೂಕ ನಾನು,
ಹಿಂದ ಲಾಠಿ ಕುಟ್ಟಿಕೊಂತ ಸರಕಾರ.
ವರ ಇಲ್ಲ, ಬ್ಯಾಂಡಿಲ್ಲ, ನೋಟು ತೂರುವರಿಲ್ಲ.
ನವರಂಗ ದರವಾಜದ ಹತ್ರ ಒಂದು ನಾಯಿ
ಎದ್ದು ನೋಡಿ, ಮತ್ತ ಮಲಗಿತು.

ತಿರಿಗಿ ಬಂದು ಪಟ್ಟಿ ಸುತ್ತಿದೆ,
ಬಿಗೀ ಅಲ್ಲ, ಸಡಲ ಅಲ್ಲ,
ಒಂದು ಬೆರಳು ತೂರಬೇಕು, ಎರಡು ತೂರಬಾರದು.
ಆಟೋ ನಿಲ್ಲಿಸಿ ಬಂದ ಇವರು ಕೇಳಿದ್ರು,
"ಇದೇನು, ಕಾಲಿಗೆ ರುಮಾಲು?"

ಮುಂಜಾನಿ ಹೆಬ್ಬೆರಳು ಒತ್ತಿ ನೋಡಿದೆ.
ಬಲಗಾಲಿನ ಕುಳಿ ಒತ್ತಿದಲ್ಲೇ ತುಂಬಿಕೊಂತು.
ಎಡಗಾಲಿನಾಗ ಇನ್ನ ಒಂದೀಟು ಅದ.
ಅಮಾಸಿಗೆ ಹದಿನೆಂಟು ದಿನ.
ಜೀನು ಅಟ್ಟದ ಮ್ಯಾಲೇ ಇರಲಿ.