ಪ್ರಥಮ ಪುರುಷ

ಅರಸೀಕೆರೆಯಲ್ಲಿ, ಕೊಬ್ಬರಿ ಮಂಡಿಯ ಮಹಡಿ ಮೇಲೆ
ಸಂಜೆ ಆರಕ್ಕೆ ನನ್ನ ಕ್ಲಾಸು.
ಏಳು ಜನ ತಾಯಂದಿರು, ಒಂದು ಕರಿಹಲಗೆ,
ಕೆಳಗೆ ಚೀಲ ತೂಗುವ ಸದ್ದು.
ಮಕ್ಕಳ ಹೋಂವರ್ಕನ್ನು ಮಕ್ಕಳಿಗಿಂತ
ಒಂದು ದಿನ ಮೊದಲೇ ಕಲಿತುಬಿಡಬೇಕು ಇವರಿಗೆ.
ಇವತ್ತು ಸರ್ವನಾಮ.

ನಾಮಪದ ರಜಾ ಹಾಕಿದಾಗ
ಅದರ ಕುರ್ಚಿಯಲ್ಲಿ ಬಂದು ಕೂರುವ ಬದಲಿ ಮೇಷ್ಟ್ರು, ಅಂದೆ.
'ಸಂಬಳ ಯಾರಿಗೆ?' ಅಂದರು ನೂರ್ ಅಫ್ಸಾ.
ನಗುವಿಗೆ ಸೀಮೆಸುಣ್ಣ ಮುರಿಯಿತು.

ಐ, ವೀ, ಯೂ, ಹೀ, ಶೀ, ಇಟ್, ದೇ.
ಸರ್ವಮಂಗಳಾ ಕೈ ಎತ್ತಿದರು:
'ಇದರಲ್ಲಿ ನೀನು ಯಾವುದು ಸರ್, ನೀವು ಯಾವುದು?'
ಎರಡಕ್ಕೂ ಯೂ.
'ನಮ್ಮ ಮಾವನವರಿಗೆ?'
ಯೂ.
'ನಾಯಿಗೆ?'
ಅದಕ್ಕೂ.
ಅವರು ಸ್ವಲ್ಪ ಹೊತ್ತು ಕಿಟಕಿ ನೋಡಿದರು.
'ಎಷ್ಟು ಹಗುರ ಮಾಡಿಬಿಟ್ಟರು' ಅಂದರೋ
'ಎಷ್ಟು ಹಗುರಾಯ್ತು' ಅಂದರೋ,
ಹುಬ್ಬಳ್ಳಿ ಪ್ಯಾಸೆಂಜರಿನ ಕೂಗಿನಲ್ಲಿ ಕೇಳಲಿಲ್ಲ.

ಗಂಡನ ಮೇಲೆ ಮೂರು ವಾಕ್ಯ ಬರೆಯಿರಿ, ಹೆಸರು ಹಾಕದೆ.
(ಹೆಸರು ಹೇಳುವುದಿಲ್ಲವೆಂಬುದು ಗೊತ್ತೇ ಇತ್ತು.)
ಆರು ಜನ ದೇ ಬರೆದಿದ್ದರು.
ದೇ ಡ್ರೈವ್ ಲಾರಿ. ದೇ ಲೈಕ್ ಉಪ್ಪಿಟ್ಟು. ದೇ ಡೋಂಟ್ ಟಾಕ್.
ನಾನು ಕೆಂಪು ಪೆನ್ನು ತೆಗೆದು
ಬಹುವಚನದ ಗಂಡಂದಿರನ್ನೆಲ್ಲ
ಒಬ್ಬೊಬ್ಬರನ್ನಾಗಿ ಏಕವಚನಕ್ಕೆ ಇಳಿಸಿದೆ.
'ಹೀ ಅಂದರೆ ಅವನು ಅಲ್ಲವಾ? ಗಂಡನ್ನ ಅವನು ಅನ್ನೋದಾ?'
ಅವರೂ ಹೀ, ಅವನೂ ಹೀ, ದೇವರೂ ಹೀ, ಅಂದೆ.
ದೇವರ ವಿಷಯಕ್ಕೆ ಯಾರೂ ತಕರಾರೆತ್ತಲಿಲ್ಲ.
ಅವನನ್ನು ಇವರು ಮೊದಲಿಂದಲೂ
ನೀನು ಅಂತಲೇ ಬೈದುಕೊಂಡು ಬಂದವರು.

ಏಳನೆಯ ಪುಸ್ತಕ ರೂಪಕಲಾ ಅವರದು.
ಇಟ್ ಕಮ್ ಲೇಟ್. ಇಟ್ ಶೌಟ್. ಇಟ್ ಸ್ಲೀಪ್.
ಕ್ರಿಯಾಪದಗಳಲ್ಲಿ ಮೂರು ತಪ್ಪಿದ್ದವು.
ಪೆನ್ನಿಗೆ ಮುಚ್ಚಳ ಹಾಕಿ
ಪುಸ್ತಕ ಮಡಿಚಿ ಕೊಟ್ಟೆ.

ಫಸ್ಟ್ ಪರ್ಸನ್ ಅಂದರೆ ಐ, ಅಂತ ಬರೆಯುವಾಗ
ಹೈಸ್ಕೂಲಿನ ಹಳೆಯ ವ್ಯಾಕರಣ ನೆನಪಾಯಿತು.
ಅಲ್ಲಿ ಪ್ರಥಮ ಪುರುಷ ಅಂದರೆ ಅವನು.
ಎದುರಿಗಿಲ್ಲದವನು, ಮಾತಿಗೆ ಸಿಗದವನು,
ಅವನೇ ಮೊದಲು.
ನಾನು ಸಾಲಿನ ಕೊನೆಗೆ,
ಹೆಸರಿಗೆ ಮಾತ್ರ ಉತ್ತಮ.
ಇಂಗ್ಲಿಷಿನಲ್ಲಿ ನಾನು ವಾಕ್ಯದ ನಡುವೆ ನಿಂತರೂ
ದೊಡ್ಡಕ್ಷರ, ಲೈಟು ಕಂಬದ ಹಾಗೆ ನೆಟ್ಟಗೆ.
ಮೈಸೆಲ್ಫ್ ಸರ್ವಮಂಗಳಾ ಅನ್ನಬೇಡಿ, ಐ ಆಮ್ ಅನ್ನಿ.
ಐ, ಅಂದರು. ತಣ್ಣೀರಿಗೆ ಕಾಲಿಟ್ಟವರಂತೆ
ಅಲ್ಲೇ ನಿಂತರು.

ಮೈನ್‌ಗೆ ಉದಾಹರಣೆ ಕೊಡಿ ಅಂದೆ.
ಪೆನ್ನು ಮಗಳದು, ಚೀಲ ನಾದಿನಿಯದು,
ಮೊಬೈಲು ಮನೆಯವರದು.
ಕೊನೆಗೆ ನೂರ್ ಅಫ್ಸಾ ಎದ್ದು ಹೋಗಿ
ಬಾಗಿಲಾಚೆಯ ಏಳು ಜೊತೆಗಳಲ್ಲಿ ಒಂದನ್ನು ಮುಟ್ಟಿ
'ದಿಸ್ ಚಪ್ಪಲ್ ಈಸ್ ಮೈನ್' ಅಂದರು.
ಸರಿಯಾಗಿತ್ತು. ಚಪ್ಪಾಳೆ ಹೊಡೆದೆವು.

ರೈಲ್ವೆ ಗೇಟು ಬಿದ್ದು ಮನೆ ಸೇರುವಾಗ ಒಂಬತ್ತು.
ಬಾಗಿಲು ತಟ್ಟಿದೆ.
'ಯಾರು?' ಪ್ರಶ್ನಾರ್ಥಕ.
'ನಾನು.'
ಊರಲ್ಲಿ ಬಾಗಿಲು ತಟ್ಟುವವರೆಲ್ಲ ಹೇಳುವುದು ಇದೊಂದನ್ನೇ,
ಆದರೂ ಬಾಗಿಲು ತಪ್ಪದೆ ತೆರೆಯುತ್ತದೆ.
'ಇವಳೇ' ಅಂದೆ ಒಳಗೆ ಬಂದು,
ಹತ್ತೊಂಬತ್ತು ವರ್ಷದ ರೂಢಿ.
ಹತ್ತಿರದ್ದನ್ನು ಬೆರಳಿಟ್ಟು ತೋರಿಸುವ ಸರ್ವನಾಮ.
ಚಿಲಕ ಹಾಕುತ್ತ ಅವಳು ಕೇಳಿದಳು,
'ಇವಳು ಅಂದರೆ ಯಾವಳು?'
ತಮಾಷೆಗೇ ಇರಬೇಕು.
ಹೆಸರು ಗಂಟಲವರೆಗೆ ಬಂತು. ಅಲ್ಲಿ
ಬೇರೆ ಯಾರದೋ ಕುರ್ಚಿಯಲ್ಲಿ ಕೂತ ಹಾಗೆ ಮುಜುಗರಪಟ್ಟಿತು.

'ಕೈ ತೊಳ್ಕೊಂಡು ಬನ್ನಿ' ಅಂದಳು.
ಆ ವಾಕ್ಯದಲ್ಲಿ ಒಂದೂ ಸರ್ವನಾಮ ಇರಲಿಲ್ಲ.
ನಾನಿದ್ದೆ,
ಬಹುವಚನದಲ್ಲಿ.