ಸಡಿಲ ಹೊಲಿಗೆ

ಮೊದಲ ಸಲ ನನ್ನಂಗಡಿಯ ಮೆಟ್ಟಿಲು ಹತ್ತಿದಾಗ
ಸತುರ್ನಿನೊ ಅರನ್ಸಿಬಿಯಾಗೆ ಹತ್ತೊಂಬತ್ತು.
ಎದೆ ಮೂವತ್ತನಾಲ್ಕು, ತೋಳು ಇಪ್ಪತ್ತಮೂರು,
ಬಲಭುಜ ಎಡಕ್ಕಿಂತ ಅರ್ಧ ಅಂಗುಲ ತಗ್ಗು:
ತವರದ ಗಣಿಯಲ್ಲಿ ಅಪ್ಪನ ಹಿಂದೆ ಬುಟ್ಟಿ ಹೊತ್ತದ್ದು.
'ಹತ್ತಿ ತುಂಬು, ಯಾರಿಗೂ ಗೊತ್ತಾಗಬಾರದು' ಎಂದ.
ತುಂಬಿದೆ. ಗೊತ್ತಾಗಲಿಲ್ಲ.

ಒರೂರೊ ಚಳಿಯಲ್ಲಿ ಸೂಜಿಯೂ ಬೆರಳು ಕಚ್ಚುತ್ತದೆ;
ಕೈ ಕಾಯಿಸಿಕೊಂಡೇ ಅವನನ್ನು ಮುಟ್ಟುತ್ತಿದ್ದೆ.
ಲೆಫ್ಟಿನೆಂಟಾದ. ಮದುವೆಯಾದ. ಕ್ಯಾಪ್ಟನ್ ಆದ ವರ್ಷ
ಸೊಂಟ ಎರಡಂಗುಲ ಹಿಗ್ಗಿ, ಟೇಪು ಸುತ್ತಿದರೆ
ಕಚಗುಳಿಯೆಂದು ನಕ್ಕು ನನ್ನ ಲೆಕ್ಕ ತಪ್ಪಿಸುತ್ತಿದ್ದ.
ಚೌಕಾಸಿ ಮಾಡಿದವನಲ್ಲ; ಹೊತ್ತಿಗೆ ಕೊಟ್ಟವನೂ ಅಲ್ಲ.
ಒಮ್ಮೆ ಬಾಕಿಗೆ ಬದಲು ಅರ್ಧ ಮೂಟೆ ಸಕ್ಕರೆ ಕಳಿಸಿದ,
ಮೂಟೆಯ ಮೇಲೆ ಸರ್ಕಾರದ ಮುದ್ರೆ.
ನಾವೂ ತಿಂದೆವು.

ಮೇಜರ್ ಮಾತ್ರ ಆಗಲಿಲ್ಲ.
ಎರಡು ಸಲ ಪಟ್ಟಿ ಬಂತು, ಎರಡು ಸಲವೂ ಯಾರದೋ ಅಳಿಯ.
ಮುಂಚೆಯೇ ಹೊಲಿಸಿಟ್ಟ ಭುಜಪಟ್ಟಿಗಳು ನನ್ನ ಪೆಟ್ಟಿಗೆಯಲ್ಲಿ
ನುಸಿಗುಳಿಗೆಯ ವಾಸನೆ ಹಿಡಿದವು.
ಅವನು ಕೇಳಲಿಲ್ಲ, ನಾನೂ ತೆಗೆದು ತೋರಿಸಲಿಲ್ಲ.

ಆಮೇಲೆ ಕೆಳಗೆ, ಚಾಕೋದ ಮುಳ್ಳುಗಾಡಿನಲ್ಲಿ ಯುದ್ಧ.
ರಜೆಗೆ ಬಂದವನು ಕೋಟು ಬಿಚ್ಚಿ ಮೇಜಿನ ಮೇಲಿಟ್ಟ:
'ಅಸ್ತರಿನೊಳಗೆ ಒಂದು ಕಿಸೆ. ಅಂಗೈಯಗಲ. ಎಡಪಕ್ಕೆಗೆ.'
ಗಂಡಸರು ಕೇಳುತ್ತಾರೆ ಇಂಥ ಕಿಸೆ,
ಇನ್ನೊಬ್ಬಳ ಕಾಗದಕ್ಕೆ, ಇಲ್ಲ ತಾಯಿ ಕೊಟ್ಟ ಸಂತನ ಚಿತ್ರಕ್ಕೆ.
ಸದ್ದಾಗದಿರಲಿ ಎಂದು ನಾನೇ ರೇಷ್ಮೆ ಹಾಕಿದೆ.
ಎದೆ, ಮೂವತ್ತೆಂಟಿದ್ದದ್ದು, ಮೂವತ್ತಾರು ಬಂತು.
ಸೊರಗಿದ್ದಾನೆ ಅಂದುಕೊಂಡೆ.
ಉಸಿರು ಬಿಗಿಹಿಡಿದಿದ್ದ ಎಂದು ಈಗ ಅನ್ನಿಸುತ್ತದೆ.
ಅವತ್ತು, ಜೀವಮಾನದಲ್ಲಿ ಒಂದೇ ಸಲ, ಮುಂಗಡ ಕೊಟ್ಟ.
ಹೊಸ ನೋಟು, ಮಡಿಕೆಯಿಲ್ಲದ್ದು.

ಏಳು ಬಾವಿಗಳು ಆ ಕಿಸೆಯೊಳಗೆ ಕೂತು ಗಡಿ ದಾಟಿದವು.
ಹನ್ನೊಂದು ದಿನ ನಡೆದ ದಂಡು ನೀರಿನ ಬಳಿ ಹೋದರೆ
ಬಾವಿಕಟ್ಟೆಯ ಮೇಲೆ ಪರಗ್ವೆಯ ಮೆಷಿನ್‌ಗನ್ನು.
ನನ್ನ ತಂಗಿಯ ಮಗ ಫೌಸ್ಟಿನೊ ಆ ದಂಡಿನಲ್ಲಿದ್ದ.
ಅವನಿಗೆ ಗುಂಡು ತಾಗಲಿಲ್ಲ.
ನೀರೂ ತಾಗಲಿಲ್ಲ.

ಉಂಡ ಮನೆಯ ಜಂತೆ ಎಣಿಸಿದವನು ಎಂದಿತು ಊರು.
ಜೂಜು ಎಂದರು, ಹೆಣ್ಣು ಎಂದರು, ಆ ಎರಡು ಪಟ್ಟಿ ಎಂದರು.
ನನಗೆ ಗೊತ್ತಿರುವುದು ಅಳತೆ ಮಾತ್ರ.

ಹಿಂದಿನ ರಾತ್ರಿ ಕರ್ನಲನ ಆಳು ಕೋಟು ತಂದ:
'ನಾಳೆ ಚೌಕದಲ್ಲಿ ಎಲ್ಲರೆದುರು ಕಿತ್ತೆಸೆಯಬೇಕು.
ನೀನು ಹಾಕಿದ ಹೊಲಿಗೆ ಕೈಗೆ ಬರುವಂಥದ್ದಲ್ಲ.
ಸಾರ್ಜೆಂಟ್ ತಿಣುಕಿದರೆ ಜನ ನಕ್ಕಾರು. ಸಡಿಲ ಮಾಡಿಡು.'
ನನ್ನ ಕಸುಬಿಗೆ ಸಿಕ್ಕ ದೊಡ್ಡ ಹೊಗಳಿಕೆ ಅದು.
ಗುಂಡಿಗೊಂದು ಎಳೆ ಉಳಿಸಿ ಮಿಕ್ಕಿದ್ದೆಲ್ಲ ಕತ್ತರಿಸಿದೆ.
ಎಂಟು ಗುಂಡಿ. ಒಂಬತ್ತನೆಯದಕ್ಕೆ ಬಂದಾಗ
ಫೌಸ್ಟಿನೊ ನೆನಪಾದನೋ, ಹತ್ತೊಂಬತ್ತರ ಆ ಹುಡುಗನೋ,
ಮೇಣ ಹಚ್ಚಿದ ದಾರ ಪೋಣಿಸಿ ಎರಡು ಸುತ್ತು ಬಿಗಿದೆ.

ಎಂಟೂ ಹಾಲುಹಲ್ಲಿನ ಹಾಗೆ ಕಳಚಿ ಬಂದವು.
ಒಂಬತ್ತನೆಯದು ಬರಲಿಲ್ಲ. ಸಾರ್ಜೆಂಟ್ ಎಳೆದ,
ಅವನು ಮುಗ್ಗರಿಸಿದ, ಯಾರೋ ನಕ್ಕರು.
ಆಗ ಅವನೇ ಬಗ್ಗಿ ನೋಡಿ, ಗುಂಡಿಯನ್ನು ತಿರುಚಿ ತಿರುಚಿ
ಬಟ್ಟೆ ಸಮೇತ ಕಿತ್ತು ಸಾರ್ಜೆಂಟನ ಅಂಗೈಯಲ್ಲಿಟ್ಟ,
ಚಿಲ್ಲರೆ ಎಣಿಸಿ ಕೊಡುವವನಂತೆ.
ಭುಜದ ಹತ್ತಿಯ ವಿಷಯ ನಾನು ಯಾರಿಗೂ ಹೇಳಿರಲಿಲ್ಲ.
ಗೋಡೆಯ ಕಡೆ ನಡೆದಾಗಲೂ ಎರಡು ಭುಜ ಸಮ.

ಲೆಕ್ಕದ ಪುಸ್ತಕದಲ್ಲಿ ಅವನ ಪುಟ ಹರಿದಿಲ್ಲ:
ರೇಷ್ಮೆ ಅಸ್ತರು, ಕಿಸೆ ಒಂದು, ಸಂದಿದೆ.
ಆ ನೋಟಿನಲ್ಲೇ ಫೌಸ್ಟಿನೊ ಹೊರಡುವಾಗ ಬೂಟು ಕೊಡಿಸಿದ್ದೆ.
ಒಳ್ಳೆಯ ಬೂಟು.
ಹನ್ನೊಂದು ದಿನ ನಡೆದರೂ ಸವೆಯದಂಥದ್ದು.