ಒತ್ತಕ್ಷರವಿಲ್ಲದ ಹೆಸರು

ಹಾಸನದ ಸಾಲಗಾಮೆ ರಸ್ತೆ, ಧರಣೇಂದ್ರಯ್ಯನವರ ಪ್ರೆಸ್ಸು.
ಒಂಬತ್ತು ವರ್ಷ ಬೇರೆಯವರ ಮದುವೆ ಟೈಪು ಮಾಡಿದೆ ಅಲ್ಲಿ.
ಯಾವ ದೊಡ್ಡಪ್ಪನ ಹೆಸರು ಬಿಟ್ಟರೆ
ಯಾವ ಚಿಕ್ಕಪ್ಪ ಊಟಕ್ಕೆ ಕೂರುವುದಿಲ್ಲ,
ಎಲ್ಲ ಬಾಯಿಪಾಠ.
'ವಿವಾಹ ವಿವಾದ ಆದೀತು, ಕಣ್ಣಿಟ್ಟು ನೋಡಮ್ಮ'
ಎಂಬುದು ಯಜಮಾನರ ಬೆಳಗಿನ ಮಂತ್ರ,
ಅದಾದ ಮೇಲೇ ಅವರಿಗೆ ಕಾಫಿ.

ದುದ್ದದ ಯೋಗಾನಂದ ಬಂದದ್ದು ಮಾಘದ ಒಂದು ಮಂಗಳವಾರ.
ಮೋಟಾರು ರಿವೈಂಡಿಂಗ್ ಅಂಗಡಿ, ಉಗುರಲ್ಲಿ ವಾರ್ನಿಷು,
ಜೇಬಲ್ಲಿ ನಾಲ್ಕು ಮಡಿಕೆಯ ಚೀಟಿ:
ವರ ತಾನು, ವಧು ಆಲೂರಿನ ಜ್ಯೋತ್ಸ್ನಾ.

ಜ್ಯೋತ್ಸ್ನಾ!
ತ ಕೆಳಗೆ ಸ, ಸ ಕೆಳಗೆ ನ,
ಮೂರಂತಸ್ತಿನ ಹೆಸರು.
ನಮ್ಮ ಹೂಬಳ್ಳಿ ಫಾಂಟಿಗೆ ಅಷ್ಟು ಹೊರುವ ತ್ರಾಣವೆಲ್ಲಿ?
ಸ ಹೊಸ್ತಿಲಲ್ಲೇ ಕುಸಿಯಿತು, ನ ಬೀದಿಗೆ ಬಿತ್ತು.
ಬೇರೆ ಫಾಂಟು ಹುಡುಕುವ ತನಕ ಜಾಗ ಹಿಡಿಯಲಿ ಎಂದು
ನನ್ನ ಹೆಸರು ಕೂರಿಸಿದೆ: ವನಮಾಲ.
ಒಂದೂ ಒತ್ತಿಲ್ಲ, ದೀರ್ಘ ಒಂದೇ,
ಯಾವ ಫಾಂಟಲ್ಲೂ ಮುರಿಯದು.
ಬಸ್ಸಿನ ಸೀಟಿಗೆ ಟವೆಲು ಹಾಕಿದ ಹಾಗೆ, ಅಷ್ಟೇ.

ಕರೆಂಟು ಹೋಯಿತು. ಬಂತು. ಅಷ್ಟರಲ್ಲಿ
ಗೃಹಪ್ರವೇಶದವರು, ತಿಥಿಯವರು, ಕಬಡ್ಡಿ ಪಂದ್ಯದ ಫ್ಲೆಕ್ಸಿನವರು.
ಕರಡಿನ ಮೇಲೆ ಅವನು 'ಸರಿಯಿದೆ' ಎಂದು ಸಹಿ ಹಾಕಿದ.
ಐನೂರು ಕಾರ್ಡು. ಮೂಲೆಗೆ ಅರಿಶಿನವೂ ಆಯಿತು.

ನೂರಾ ಎಂಬತ್ತು ಹಂಚಿದ ಮೇಲೆ
ಶಾಂತಿಗ್ರಾಮದ ಒಬ್ಬ ಅತ್ತೆ ಕನ್ನಡಕ ಏರಿಸಿ ಕೇಳಿದರಂತೆ:
'ಯಾರ್ಲಾ ಇವ್ಳು ವನಮಾಲ?'

ಎರಡು ಜೀಪು ಜನ ಪ್ರೆಸ್ಸಿಗೆ.
ಆಲೂರಿನವರು ಮೇಜು ಗುದ್ದಿದರು, ದುದ್ದದವರು ಗೋಡೆ ಗುದ್ದಿದರು.
ಯಜಮಾನರು ನನ್ನನ್ನು ಪೇಪರ್ ಬಂಡಲಿನ ಹಿಂದೆ ಅಡಗಿಸಿ
'ಹುಡುಗಿ ರಜೆ' ಎಂದರು, ಜನ್ಮದಲ್ಲಿ ಮೊದಲ ಸುಳ್ಳು.
ಹಿತ್ತಿಲ ಬಾಗಿಲಿಂದ ಒಳಬಂದವಳು ಜ್ಯೋತ್ಸ್ನಾ.
ಬೈಯುತ್ತಾಳೆಂದು ಕಣ್ಣು ಮುಚ್ಚಿದೆ.
ಕೈಗೆ ಒಂದು ಕಾಗದ ಇಟ್ಟಳು: ಕಂಡಕ್ಟರ್ ಕೆಲಸದ ಆರ್ಡರು,
ಸಕಲೇಶಪುರ ಡಿಪೋ, ಹದಿನೈದು ದಿನದೊಳಗೆ ಹಾಜರಾಗಬೇಕು.
'ಮದ್ವೆ ಆದ್ಮೇಲೆ ಕೆಲ್ಸ ಬ್ಯಾಡ ಅಂದಿದ್ರು ಕಣಕ್ಕ.
ಈಗ ಅವರೇ ಅಪಶಕುನ ಅಂತಾವ್ರೆ.
ನೀನು ತಪ್ಪು ನಂದು ಅಂತ ಮಾತ್ರ ಒಪ್ಕೋಬ್ಯಾಡ,
ದೇವ್ರು ಬರೆಸ್ದ ಅಂದ್ಬಿಡು.'

ದೇವರ ಹೆಸರು ಹೇಳಲು ಬಾಯಿ ಬರಲಿಲ್ಲ.
ಕರೆಂಟಿನವರ ಹೆಸರು ಹೇಳಿದೆ.

ವಾರ ಕಳೆದು ಅವನು ಬಂದ, ಒಬ್ಬನೇ,
ಉಳಿದ ಮುನ್ನೂರಿಪ್ಪತ್ತು ಕಾರ್ಡಿನ ರಟ್ಟಿನ ಪೆಟ್ಟಿಗೆ ಹೊತ್ತು.
'ವಾಪಸ್ ತಗೊಳಲ್ಲ' ಅಂದೆ.
'ವಾಪಸ್ ಕೊಡಕ್ಕೆ ಬಂದಿಲ್ಲ' ಅಂದ.

ಕೂಡಲೇ ಹೂಂ ಅನ್ನಲಿಲ್ಲ ನಾನು.
ಮೂವತ್ತೊಂದು ತುಂಬಿದವಳು,
ನೋಡಿ ಹೋದವರು ತಿಂದ ಉಪ್ಪಿಟ್ಟಿನ ಲೆಕ್ಕ ಇಟ್ಟವಳು;
ಅಚ್ಚಿನ ತಪ್ಪಿಗೆ ಕೊರಳು ಕೊಡುತ್ತಾರೆಯೇ ಯಾರಾದರೂ?
ಒಂದು ಮಳೆಗಾಲ ಪೂರ್ತಿ ಕಾಯಿಸಿದೆ.
ಪ್ರೆಸ್ಸಿನ ಹಳೇ ಮೋಟಾರು ಆರು ಸಲ ಬಿಚ್ಚಿ ರಿಪೇರಿ ಮಾಡಿದ,
ಐದು ಸಲ ಅದು ಕೆಟ್ಟೇ ಇರಲಿಲ್ಲ.

ಕಾರ್ತೀಕದಲ್ಲಿ ಅದೇ ಕಾರ್ಡು, ದಿನಾಂಕದ ಮೇಲೆ ಸ್ಟಿಕ್ಕರು.
'ಹೊಸದಾಗಿ ಹಾಕ್ಸಕ್ಕೆ ದುಡ್ಡೇನು
ಹಲಸಿನ ಮರದಲ್ಲಿ ಬಿಡ್ತದಾ?' ಎಂದರು ಅವನಪ್ಪ,
ಗುದ್ದಿದ ಕೈಯಲ್ಲೇ ಗೋಂದು ಹಚ್ಚುತ್ತ.

ಅವತ್ತು ಕರಡು ಓದಿದ್ಯಾ ಇಲ್ವಾ, ಈಗಲೂ ಕೇಳುತ್ತೇನೆ.
ತಾಮ್ರದ ತಂತಿ ಸುತ್ತುತ್ತ ತುಟಿಯಲ್ಲೇ ಎಣಿಸುತ್ತಾನೆ,
ಲೆಕ್ಕ ತಪ್ಪುತ್ತೆ, ಸುಮ್ಮನಿರು ಎಂದು ಸನ್ನೆ.
ಸಾವಿರ ಸುತ್ತಿನಲ್ಲಿ ಒಂದನ್ನೂ ಬಿಡದವನು
ಒಂದು ಹೆಸರು ಬಿಟ್ಟನೇ?

ಮೊನ್ನೆ ಸಕಲೇಶಪುರದ ಬಸ್ಸಲ್ಲಿ ಜ್ಯೋತ್ಸ್ನಾ.
ಖಾಕಿ, ಹೆಗಲಿಗೆ ಚೀಲ, ಎದೆಯ ಮೇಲೆ ಹೆಸರಿನ ಪಟ್ಟಿ:
ಅಲ್ಲೂ ಯಾರೋ ನನ್ನಂಥವಳು ಸೋತು 'ಜೋತ್ನ' ಎಂದು ಕೆತ್ತಿದ್ದಳು.
ನನಗೆ ಸೊನ್ನೆ ರೂಪಾಯಿಯ ಟಿಕೆಟ್ ಹರಿದಳು,
ಅವನಿಗೆ ಪೂರ್ತಿ ಚಾರ್ಜು.
'ಚಿಲ್ಲರೆ ಕೊಡಿ' ಎಂದಳು, ಮುಖ ಗಂಟಿಕ್ಕಿ, 'ಇಲ್ಲಾಂದ್ರೆ ಇಳೀರಿ.'
ಅವನು ಒಂದೊಂದೇ ಜೇಬು ತಡಕಾಡುತ್ತಿದ್ದ,
ನಾವಿಬ್ಬರೂ ಕಿಟಕಿಯಾಚೆ ನೋಡುತ್ತಿದ್ದೆವು,
ಬಸ್ಸು ಬಾಳ್ಳುಪೇಟೆ ದಾಟುತ್ತಿತ್ತು.